ಮುಚ್ಚಳಿಕೆಯ ಕೆಳಗಿನ ಸಹಿ

ಲಸ್ರಾದೊ ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಯಾರೂ ಬೆನ್ನು ಬಾಗಿಸಿ ಕುಳಿತವರಲ್ಲ. ಅಜ್ಜ ಮೂವತ್ತು ವರ್ಷ ಇಗರ್ಜಿಯ ಗುರ್ಕಾರರು, ಊರಿನ ಕ್ರೈಸ್ತರ ಮುಖಂಡರು. ಊರಿನ ಜಗಳಗಳೆಲ್ಲ ಅವರ ಜಗಲಿಯಲ್ಲೇ ತೀರುತ್ತಿದ್ದವು. ತಂದೆ ಹೆಡ್‌ಮಾಸ್ಟರರು. ಇಬ್ಬರು ಸೋದರತ್ತೆಯರು ಕಾನ್ವೆಂಟಿನಲ್ಲಿ ಮದರ್ ಆದವರು. ಆ ಮನೆಯ ಹೆಸರು ಹೇಳಿದರೆ ಇಂದಿಗೂ ಬಸ್ಸಿನಲ್ಲಿ ಎದ್ದು ಜಾಗ ಕೊಡುವವರಿದ್ದಾರೆ.

ಅಂಥ ಮನೆಯ ಮಗಳು ಹಿಲ್ಡಾ ಪೊಲೀಸ್ ಇಲಾಖೆ ಸೇರಿ, ಡಿವೈಎಸ್ಪಿಯಾಗಿ ನಿವೃತ್ತರಾಗಿ, ಹೊಳೆಯ ದಂಡೆಯ ಮನೆಯಲ್ಲಿ ಹೊಸ ಸಬ್ ಇನ್ಸ್‌ಪೆಕ್ಟರುಗಳಿಗೆ ಪಾಠ ಹೇಳುತ್ತಿದ್ದರು. ಮನೆಯೊಳಗೆ ಏಟು ತಿಂದವರು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಠಾಣೆಯ ಮೆಟ್ಟಿಲು ಹತ್ತಿದಾಗ ಪೊಲೀಸರು ಹೇಗೆ ನಡೆದುಕೊಳ್ಳಬೇಕು ಎಂಬುದೊಂದೇ ಪಾಠ.

ವಾರವಿಡೀ ಶಿಷ್ಯರಿಗೆ ಠಾಣೆಯಲ್ಲಿ ಕೆಲಸ. ಭಾನುವಾರ ಮೇಡಂ ಇಗರ್ಜಿಯಿಂದ ಬಂದ ಮೇಲೆ ವರದಿ ಒಪ್ಪಿಸಬೇಕು.

ಆ ಭಾನುವಾರ ಎಲ್ಲರಿಗಿಂತ ಮೊದಲು ಬಂದವನು ನಂಜೇಶ. ಕೈಯಲ್ಲಿ ಒಂದು ಜೆರಾಕ್ಸ್ ಕಾಗದ, ಮುಖದಲ್ಲಿ ಸಂತೋಷ.

“ಮೇಡಂ, ಒಂದು ಸಂಸಾರ ಉಳಿಸಿಬಿಟ್ಟೆ.”

“ಶರ್ಟಿನ ಗುಂಡಿ ಹಾಕಿ. ಆಮೇಲೆ ಹೇಳಿ.”

ನಂಜೇಶ ಗುಂಡಿ ಹಾಕಿದ.

“ಗುರುವಾರ ಜಲಜ ಅಂತ ಒಬ್ಬ ಅಂಗನವಾಡಿ ಟೀಚರ್ ಬಂದಿದ್ರು. ಗಂಡ ಹೊಡೀತಾನೆ ಅಂತ ದೂರು. ನಾನು ಗದರಲಿಲ್ಲ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ನೀವು ಹೇಳಿಕೊಟ್ಟ ಹಾಗೇನೆ.”

“ಆಮೇಲೆ?”

“ಗಂಡನ್ನ ಕರೆಸಿ, ಎದುರುಬದುರು ಕೂರಿಸಿ ಬುದ್ಧಿ ಹೇಳಿದೆ. ಇನ್ನು ಕೈ ಎತ್ತಲ್ಲ ಅಂತ ಮುಚ್ಚಳಿಕೆ ಬರೆಸ್ಕೊಂಡೆ. ದೂರು ವಾಪಸ್ ತಗೊಂಡಿದ್ದೀನಿ ಅಂತ ಅವರೂ ಸಹಿ ಹಾಕಿದ್ರು. ಇಬ್ಬರೂ ಒಂದೇ ಬೈಕಲ್ಲಿ ಮನೆಗೆ ಹೋದ್ರು ಮೇಡಂ.”

“ಗಂಡ ಬರುವ ಮೊದಲು ಆಕೆಯ ಜೊತೆ ಎಷ್ಟು ಹೊತ್ತು ಮಾತಾಡಿದಿರಿ?”

“ಹತ್ತು ನಿಮಿಷ ಇರಬಹುದು. ಅವರದು ಒಳ್ಳೇ ಮನೆತನ ಮೇಡಂ. ಗಂಡನ ತಂದೆ ಪಂಚಾಯ್ತಿ ಅಧ್ಯಕ್ಷರಾಗಿದ್ದವರು. ನಿಮ್ಮ ಮನೆ ಹಾಗೆ, ಊರಲ್ಲಿ ಹೆಸರಿದೆ.”

ಹಿಲ್ಡಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಹೌದು, ನಮ್ಮದು ಒಳ್ಳೆಯ ಮನೆತನ. ನನ್ನ ಚಿಕ್ಕಪ್ಪನ ಹೆಂಡತಿ ಎಲಿಜಾ ಚಿಕ್ಕಮ್ಮ ಅದೇ ಮನೆಯಲ್ಲಿ ಹನ್ನೊಂದು ವರ್ಷ ಮುಂಗೈ ಮುಚ್ಚುವಷ್ಟು ಉದ್ದ ತೋಳಿನ ರವಿಕೆ ತೊಟ್ಟರು. ಏಪ್ರಿಲ್ ಸೆಕೆಯಲ್ಲೂ.”

ನಂಜೇಶ ಕೈಯಲ್ಲಿದ್ದ ಕಾಗದವನ್ನು ಕೆಳಗಿಳಿಸಿದ.

“ಒಮ್ಮೆ ಇನ್ಸ್‌ಪೆಕ್ಟರ್ ಬಂದಿದ್ದರು. ಅಜ್ಜನ ಜೊತೆ ಕಾಫಿ ಕುಡಿದರು. ನಿಮ್ಮ ಮನೆಯ ಬಗ್ಗೆ ಯಾರು ಏನು ಹೇಳಿದರೂ ನಾನು ನಂಬುವವನಲ್ಲ ಎಂದು ಹೇಳಿ ಹೋದರು. ಕಾಫಿ ತಂದುಕೊಟ್ಟವರು ಎಲಿಜಾ ಚಿಕ್ಕಮ್ಮ.”

ಹೊಳೆಯಲ್ಲಿ ಒಂದು ದೋಣಿ ಆಚೆ ದಡಕ್ಕೆ ಹೋಗುತ್ತಿತ್ತು. ನಂಜೇಶ ಅದನ್ನೇ ನೋಡುತ್ತ ನಿಂತ.

“ಕಾಗದ ಕೊಡಿ.”

ಕೊಟ್ಟ. ಒಕ್ಕಣೆ ಅವನದೇ, ಒಂದು ತಪ್ಪಿಲ್ಲದಂತೆ ಎರಡು ಸಲ ಓದಿ ನೋಡಿದ್ದ. ಹಿಲ್ಡಾ ಒಕ್ಕಣೆಯನ್ನು ಓದಲೇ ಇಲ್ಲ. ಅವರ ಕಣ್ಣು ಕಾಗದದ ಕೆಳತುದಿಗೆ ಹೋಗಿ ಅಲ್ಲೇ ನಿಂತಿತು.

“ಅಂಗನವಾಡಿ ಟೀಚರ್ ಅಂದಿರಿ. ದಿನಾ ಹಾಜರಿ ಬರೆಯುವವರು.”

“ಹೌದು ಮೇಡಂ.”

“ಸಹಿ ನೋಡಿ.”

ನಂಜೇಶ ನೋಡಿದ. ಮೊದಲ ಜ ಒಂದು ಕಡೆಗೆ ವಾಲಿತ್ತು, ಕೊನೆಯ ಜ ಇನ್ನೊಂದು ಕಡೆಗೆ. ನಡುವಿನ ಲ ಗೆರೆ ಬಿಟ್ಟು ಕೆಳಗಿಳಿದಿತ್ತು.

“ಠಾಣೆ ಅಂದ್ರೆ ಭಯ ಇರುತ್ತಲ್ಲ ಮೇಡಂ. ಕೈ ನಡುಗಿರಬೇಕು.”

ಹಿಲ್ಡಾ ಗೆರೆಗಳಿದ್ದ ಒಂದು ಹಾಳೆ, ಪೆನ್ನು ಅವನ ಮುಂದಿಟ್ಟರು.

“ನಿಮ್ಮ ಸಹಿ ಹಾಕಿ. ಎಡಗೈಯಲ್ಲಿ.”

ನಂಜೇಶನಿಗೆ ನಗು ಬಂತು. ಮೇಡಂ ನಗಲಿಲ್ಲ. ಪೆನ್ನು ಎಡಗೈಗೆ ತೆಗೆದುಕೊಂಡು ಬರೆದ. ಮೊದಲ ಅಕ್ಷರ ವಾಲಿತು. ಎರಡನೆಯದು ಗೆರೆ ಬಿಟ್ಟು ಕೆಳಗಿಳಿಯಿತು.

ಎರಡು ಸಹಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ. ನಗು ನಿಂತಿತು.

ಆಕೆ ನೀರು ಕುಡಿದದ್ದು ಎಡಗೈಯಲ್ಲಿ. ಬಂದಾಗಿನಿಂದ ಹೋಗುವವರೆಗೆ ಬಲಗೈ ಸೆರಗಿನೊಳಗೇ ಇತ್ತು. ತಾನು ಪೆನ್ನನ್ನು ಬಲಗಡೆ ಇಟ್ಟಿದ್ದ. ಆಕೆ ಮೈ ತಿರುಗಿಸಿ ಎಡಗೈ ಚಾಚಿ ಅದನ್ನು ತೆಗೆದುಕೊಂಡಿದ್ದರು. ಅದನ್ನು ಅವನು ನೋಡಿಯೂ ಇದ್ದ. ಎಡಚರಿರಬೇಕು ಅಂದುಕೊಂಡು, ಇನ್ನೊಂದು ಪ್ರತಿಗೂ ಸಹಿ ಹಾಕಿಸಿದ್ದ.

“ಬಲಗೈ…” ಎಂದ.

“ಕುರ್ಚಿ ಕೊಟ್ಟಿರಿ, ನೀರು ಕೊಟ್ಟಿರಿ. ಕೈ ಯಾಕೆ ಹಾಗಿದೆ ಎಂದು ಕೇಳಲಿಲ್ಲ.”

“ಆ ಮುಚ್ಚಳಿಕೆ ಹರಿದು ಹಾಕ್ತೀನಿ ಮೇಡಂ.”

“ಹರಿಯಬೇಡಿ. ಫೈಲಿನಲ್ಲೇ ಇರಲಿ. ಮುಂದೆ ಬರುವ ಡಾಕ್ಟರರ ವರದಿಯ ಪಕ್ಕದಲ್ಲಿ ಅದೂ ಒಂದು ಸಾಕ್ಷಿ.” ಸ್ವಲ್ಪ ತಡೆದು ಕೇಳಿದರು, “ಹೋಗುವಾಗ ಆಕೆ ಏನಾದರೂ ಹೇಳಿದರೇ?”

“ಏನಿಲ್ಲ. ಗಂಡ ಬೈಕ್ ಸ್ಟಾರ್ಟ್ ಮಾಡ್ತಿದ್ದಾಗ, ಸೋಮವಾರ ನೀವೇ ಇರ್ತೀರಾ ಸಾರ್ ಅಂತ ಕೇಳಿದ್ರು. ಸುಮ್ನೆ ಕೇಳಿದ್ರು ಅಂದ್ಕೊಂಡೆ.”

ಹಿಲ್ಡಾ ಅವರ ಮುಖ ಅಂದು ಮೊದಲ ಬಾರಿಗೆ ಸಡಿಲವಾಯಿತು.

“ಇಷ್ಟಾದ ಮೇಲೂ ಆಕೆ ನಿಮ್ಮನ್ನು ನಂಬಿದ್ದಾರೆ.”

ನಂಜೇಶ ಕಣ್ಣೊರೆಸಿಕೊಂಡ. “ನಾಳೆ ಬೆಳಿಗ್ಗೆ ಏಳಕ್ಕೇ ಠಾಣೇಲಿರ್ತೀನಿ ಮೇಡಂ.”

“ನಾಳೆ ಯಾಕೆ? ಈಗ ಗಂಟೆ ಹತ್ತು.”

ಅವನು ಅಲ್ಲೇ ನಿಂತು ಠಾಣೆಗೆ ಫೋನ್ ಮಾಡಿದ. ಜೀಪು ಬೇಕೆಂದ, ಮಹಿಳಾ ಕಾನ್‌ಸ್ಟೇಬಲ್ ಜೊತೆಗಿರಬೇಕೆಂದ. ಮೊದಲು ಆಸ್ಪತ್ರೆ, ಆಕೆಯ ಹೇಳಿಕೆ ಅಲ್ಲೇ, ಗಂಡನನ್ನು ಹತ್ತಿರ ಬಿಡಕೂಡದು ಎಂದ.

ಮೆಟ್ಟಿಲು ಇಳಿದವನು ತಿರುಗಿ ನಿಂತ.

“ಮೇಡಂ, ಜಲಜ ಅವರ ಮುಂದೆ ಹೋಗಿ ನಿಂತಾಗ ಮೊದಲು ಏನು ಹೇಳಲಿ? ಯೂನಿಫಾರ್ಮಲ್ಲಿ ಇರ್ತೀನಿ. ಸ್ಟೇಷನ್ನಿನವರೂ ಜೊತೆಗಿರ್ತಾರೆ.”

“ಇರಲಿ. ಸ್ಟೇಷನ್ನಿನವರ ಎದುರಿಗೇ ಟೋಪಿ ತೆಗೆದು, ನೆಟ್ಟಗೆ ನಿಂತು, ಆಕೆಯ ಕ್ಷಮೆ ಕೇಳಿ.”