ಬೈಯುವ ಪೆಟ್ಟಿಗೆ ಕಟ್ಟಿದ ಇನಾಸ್ ಮೇಸ್ತ್ರಿ

ಬಹಳ ಹಿಂದೆ, ಕಡಲು ಈಗಿನಷ್ಟು ಒಳಗೆ ಬಂದಿರದ ಕಾಲದಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ಒಂದು ಊರಿತ್ತಂತೆ. ಆ ಊರಲ್ಲಿ ದೋಣಿಗಳ ವೈರ್‌ಲೆಸ್ಸು, ರೇಡಿಯೋ ರಿಪೇರಿ ಮಾಡುವ ಇನಾಸ್ ಮೇಸ್ತ್ರಿ ಇದ್ದನಂತೆ. ಅವನ ಕೈ ಸೋಕಿದರೆ ಸಾಕು, ಸತ್ತ ಯಂತ್ರ ಎದ್ದು ಕೂರುತ್ತಿತ್ತು ಎನ್ನುತ್ತಾರೆ. ಅಷ್ಟನ್ನು ನಾನು ಒಪ್ಪುವುದಿಲ್ಲ. ಬಿಚ್ಚಿ, ಒರೆಸಿ, ಬೆಸುಗೆ ಹಾಕಿದ ಮೇಲೆ ಏಳುತ್ತಿತ್ತು.

ಅದೇ ಊರಲ್ಲಿ ಚಂದು ಮರಕಾಲ್ತಿ ಮೀನು ಮಾರುತ್ತಿದ್ದಳು. ಅವಳು ಕೂಗಿದರೆ ಆಚೆ ದಡದವರು ಚೀಲ ಹಿಡಿದು ದೋಣಿ ಹತ್ತುತ್ತಿದ್ದರಂತೆ. ಅವಳ ಗಂಟಲಿಗೇ ರೋಗ ಬಂತು. ಆಸ್ಪತ್ರೆಯಲ್ಲಿ ಕೊಯ್ದು ಜೀವ ಉಳಿಸಿದರು. ದನಿ ಉಳಿಯಲಿಲ್ಲ. ಆ ಮಾರುಕಟ್ಟೆಯ ಕಟ್ಟಳೆ ಕಠಿಣವಾಗಿತ್ತು. ಮಳೆಗಾಲ ಮುಗಿದು ದೋಣಿ ಕಡಲಿಗಿಳಿಯುವ ದಿನ, ಕೂಗಿ ಬುಟ್ಟಿ ಖಾಲಿ ಮಾಡಿದವಳಿಗೆ ಮಾತ್ರ ಕಟ್ಟೆಯ ಮೇಲೆ ಜಾಗ. ಚಂದುವಿನ ಅಜ್ಜಿ ಕೂತ ಜಾಗ, ತಾಯಿ ಕೂತ ಜಾಗ, ಈಗ ಕೈತಪ್ಪುವುದರಲ್ಲಿತ್ತು.

ಅದನ್ನು ಉಳಿಸಲು ಮೇಸ್ತ್ರಿ ಮಳೆಗಾಲವಿಡೀ ಕೂತನಂತೆ. ಇಸ್ಪೀಟು ಎಲೆಯಷ್ಟೇ ಅಗಲದ, ಒಂದೇ ಹಲಗೆಯ ಕಂಪ್ಯೂಟರ್ ತರಿಸಿದ. ಗುಜರಿ ಕಾರಿನ ಪುಟ್ಟ ಪರದೆ, ಟೀವಿ ರಿಮೋಟಿನ ಗುಂಡಿ, ಹಳೆ ಮೊಬೈಲಿನ ಬ್ಯಾಟರಿ, ರೇಡಿಯೋದ ಸ್ಪೀಕರ್ ಜೋಡಿಸಿದ. ಟಿಫಿನ್ ಡಬ್ಬಿಯೊಳಗೆ ಇಟ್ಟರೆ ಬಿಸಿಯೇರಿ ನಿಂತುಹೋಯಿತು. ತೂತು ಕೊರೆದರೆ ಉಪ್ಪುನೀರು ಹೊಕ್ಕಿತು. ಕೊನೆಗೆ ಹಲಸಿನ ಮರದಲ್ಲಿ ಅಂಗೈಗೆ ಕೂರುವ ಪೆಟ್ಟಿಗೆ ಕೆತ್ತಿ, ತೂತುಗಳಿಗೆ ಮನೆಯ ಮಾಡಿನ ಹಾಗೆ ಇಳಿಜಾರು ಮುಚ್ಚಳ ಇಟ್ಟ. ಗುಂಡಿಗೊಂದು ಮೀನಿನ ಚಿತ್ರ. ಪಕ್ಕದ ಬುಟ್ಟಿಯ ನಾಗಿಯ ದನಿ ತುಂಬಿಸಿದ. ಬಂಗುಡೆ ಒತ್ತಿದರೆ ಬಂಗುಡೆಯನ್ನು ಕೂಗಿ, ರೇಟೂ ಹೇಳುತ್ತಿತ್ತು.

ದೋಣಿ ಇಳಿಯುವ ದಿನ ಬಂತು. ಪೆಟ್ಟಿಗೆ ಕೂಗಿತು. ಜನ ಬಂದರು, ಕೇಳಿದರು, ಹೋದರು. ಯಾಕೆ? ಮೇಸ್ತ್ರಿ ನೇರ ಮನುಷ್ಯ. ಚೌಕಾಸಿ ಮುಗಿದು ಕೊನೆಗೆ ಕೊಡುವ ರೇಟನ್ನೇ ಮೊದಲು ಹೇಳಿಸಿದ್ದ. ಗಿರಾಕಿ ಕಡಿಮೆಗೆ ಕೇಳಿದರೆ ಪೆಟ್ಟಿಗೆ ಅದನ್ನೇ ಮತ್ತೆ ಹೇಳುತ್ತಿತ್ತು. ಅಲ್ಲಿ ಒಮ್ಮೆಯಾದರೂ ಬೈಸಿಕೊಳ್ಳದೆ ಕೊಂಡವನಿಗೆ ತಾನು ಮೋಸಹೋದೆ ಅನಿಸುತ್ತಿತ್ತಂತೆ.

"ಹೋಯ್ ಚಂದಕ್ಕ, ನಿನ್ ಪೆಟ್ಗಿಗೆ ಎಷ್ಟ್ ಸೊಕ್ಕ್ ಕಾಣ್!" ಎಂದು ನಗುತ್ತ ನಡೆದರು. ಬಿಸಿಲೇರಿತು. ಬುಟ್ಟಿ ಇಳಿಯಲಿಲ್ಲ.

ಚಂದುವಿಗೆ ಆ ಜಾಗ ತಪ್ಪಿದರೆ ನಾಗಿಯ ಸೊಸೆಗೆ ಸಿಗಬೇಕಿತ್ತು. ಆದರೂ ಎದ್ದು ಬಂದವಳು ನಾಗಿಯೇ. "ಮೇಸ್ತ್ರಿ, ಇಗರ್ಜಿಯಲ್ಲಿ ಪಾಪ ಒಪ್ಕಂಡಂಗೆ ರೇಟ್ ಹೇಳ್ರೆ ಯಾರ್ ತಕಂತ್ರ್? ಬೈಲಿಕ್ಕೊಂದ್ ಗುಂಡಿ ಇಡಿ!"

ಚೌಕಾಸಿಯ ಬೈಗುಳವೆಂದರೆ ಸುಳ್ಳು, ಯಂತ್ರದ ಬಾಯಲ್ಲಿ ಅದನ್ನು ಹೇಳಿಸುವುದಿಲ್ಲ ಎಂದು ಮೇಸ್ತ್ರಿ ಹಟ ಹಿಡಿದನಂತೆ. ಚಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು. ಅವನು ಅವಳ ಮುಖ ನೋಡಿದ. ಮೀನು ಕೊಯ್ಯುವ ಮಣೆಯ ಮೇಲೇ ಪೆಟ್ಟಿಗೆ ಬಿಚ್ಚಿದ. ನಾಗಿ ಅದರೊಳಗೆ ಮನಸಾರೆ ಬೈದು ಕೊಟ್ಟಳು.

ಮುಂದಿನ ಗಿರಾಕಿ ಅರ್ಧಕ್ಕೆ ಕೇಳಿದ. ಚಂದು ಗುಂಡಿ ಒತ್ತಿದಳು.

"ಆ ರೇಟಿಗೆ ಮೀನಿನ ನೆರಳೂ ಬರೂದಿಲ್ಲ, ಅತ್ಲಾಗೆ ಹೋಗಿ ಮಾರಾಯ್ರೆ!"

ಗಿರಾಕಿ ನಕ್ಕು, ಕುಕ್ಕರುಗಾಲಲ್ಲಿ ಕೂತು, ಚೀಲ ಬಿಚ್ಚಿದ. ಬುಟ್ಟಿ ಖಾಲಿಯಾಯಿತು. ಜಾಗ ಉಳಿಯಿತು. ನಾಗಿ ತಾನೇ ಬದಿಗೆ ಸರಿದು ಕೂತು ಸೊಸೆಗೆ ಜಾಗ ಮಾಡಿಕೊಟ್ಟಳಂತೆ.

ಆ ಪೆಟ್ಟಿಗೆ ಮನುಷ್ಯನ ಮುಖ ನೋಡಿ, ತಕ್ಕ ಹಾಗೆ ಬೈಯುತ್ತಿತ್ತು ಎನ್ನುತ್ತಾರೆ. ಸುಳ್ಳು. ಮುಖ ನೋಡಿ ಒತ್ತುತ್ತಿದ್ದವಳು ಚಂದು.

ದನಿ ಇಲ್ಲವೆಂದು ಆ ಕಟ್ಟೆಯಿಂದ ಈಗ ಯಾರನ್ನೂ ಎಬ್ಬಿಸುವುದಿಲ್ಲ. ಇಂದಿಗೂ ದೋಣಿ ಇಳಿಯುವ ದಿನ ಎಲ್ಲರೂ ಮೇಸ್ತ್ರಿಯ ಹೆಸರಲ್ಲಿ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂರುತ್ತಾರೆ. ಆಮೇಲೆ ಎಲ್ಲರಿಗಿಂತ ಹಿರಿಯವಳು ಮೊದಲ ಗಿರಾಕಿಗೆ ಗಂಟಲು ತುಂಬ ಬೈಯುತ್ತಾಳೆ. ಬೈಸಿಕೊಂಡವನು ಕೈಮುಗಿಯುತ್ತಾನೆ. ಚೌಕಾಸಿ ಶುರುವಾಗುತ್ತದೆ.