ಮಗಳ ಸೈಕಲ್ಲಿನ ಗಾಳಿ

ಗುಡ್ಡದ ನೆತ್ತಿಯ ಮೇಲೊಂದು ಹಳೆಯ ಮಠ. ಅದರ ಹಿಂದಿನ ಕೋಣೆಯಲ್ಲಿ ಕಸ್ತೂರಕ್ಕ ಇರುತ್ತಿದ್ದರು. ಒಂದು ಕಾಲಕ್ಕೆ ಸೈಕಲ್ ಓಟದಲ್ಲಿ ಹೆಸರು ಮಾಡಿದವರು. ಈಗ ಮೊಣಕಾಲು ಸವೆದಿತ್ತು. ಕಲ್ಲುದಾರಿಯಲ್ಲಿ ಸೈಕಲ್ ಓಡಿಸುವುದನ್ನು ಕಲಿಯಬೇಕೆಂದು ಗುಡ್ಡ ಹತ್ತಿ ಬಂದವರಿಗೆ ಕಲಿಸುತ್ತಿದ್ದರು. ಶಿಷ್ಯರೆಲ್ಲ ಅವರನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದರು.

ಮಾತಿನಲ್ಲಿ ಅವರು ಬಲು ಜಿಪುಣಿ. ಹತ್ತು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಸಿಕ್ಕೀತು, ಅದೂ ಚಹಾ ಕುದಿದ ಮೇಲೆ.

ಒಂದು ಶನಿವಾರ ಬೆಳಿಗ್ಗೆ ಫಕೀರೇಶ ಗುಡ್ಡ ಹತ್ತಿ ಬಂದ. ವಿದ್ಯುತ್ ಕಚೇರಿಯ ಗುಮಾಸ್ತ, ನಲವತ್ತು ದಾಟಿದವನು. ವಾರವಿಡೀ ಕುರ್ಚಿ, ಭಾನುವಾರ ಸೈಕಲ್. ಸುತ್ತಲಿನ ಯಾವ ಗುಡ್ಡದಲ್ಲಿ ಓಟ ಇಟ್ಟರೂ ಅವನು ಹಾಜರು. ಜೊತೆಗೆ ಹೆಂಡತಿ, ಮಗಳು, ನಾಲ್ಕಾರು ಗೆಳೆಯರು. ಓಟ ಮುಗಿದ ಮೇಲೆ ಎಲ್ಲರೂ ಮರದ ಕೆಳಗೆ ಕುಳಿತು ಗಿರಮಿಟ್ಟು, ಮಿರ್ಚಿ ತಿಂದು ಮನೆಗೆ ಹೋಗುವುದು ರೂಢಿ.

ಆ ದಿನ ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಮೂಟೆ ಇಳಿಸಿದಂತೆ ಕಟ್ಟೆಯ ಮೇಲೆ ಕುಳಿತ.

“ಸಾಕಾಗೇತ್ರಿ ಅಕ್ಕಾರ.”

ಕಸ್ತೂರಕ್ಕ ಬೋಗುಣಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಎಲ್ಲಿ ಗುಳ್ಳೆ ಏಳುತ್ತದೆಂದು ನೋಡುತ್ತಿದ್ದರು. ತಲೆ ಎತ್ತಲಿಲ್ಲ.

“ಏನು ಸಾಕಾತು?”

“ಎಲ್ಲಾ ಸಾಕಾತ್ರಿ. ರಾತ್ರಿ ಮಲಗಿದ್ರೂ ದಣಿವು ಹೋಗವಲ್ದು. ಅದರಾಗ ಈ ಸಿಂಚನಾ ಬ್ಯಾರೆ.”

ಸಿಂಚನಾ ಅವನ ಒಬ್ಬಳೇ ಮಗಳು. ಹನ್ನೆರಡರ ಹುಡುಗಿ.

“ನಾಳೆ ಇದ ಗುಡ್ಡದಾಗ ಅಪ್ಪ-ಮಕ್ಕಳ ಜೋಡಿ ಓಟ ಐತ್ರಿ. ಇಬ್ಬರೂ ಕೂಡೇ ಗೆರಿ ದಾಟಬೇಕು. ಹೆಸರು ಕೊಟ್ಟೀನಿ. ಆಕಿ ನೋಡಿದ್ರ ಬರೂದಿಲ್ಲ ಅಂತಾಳ. ಹ್ವಾದ ರವಿವಾರ ಅಭ್ಯಾಸಕ್ಕ ಕರಕೊಂಡು ಬಂದ್ರ, ಇಳಿಜಾರಿನಾಗ ಸೈಕಲ್ ಬಿಟ್ಟು ಇಳದು ನಡಕೋತ ಹೊಂಟ್ಲು. ನನಗ ಸಿಟ್ಟು ಬಂತು, ಬಿಟ್ಟು ಮುಂದ ಹೋದೆ. ಅವತ್ತಿಂದ ಸೈಕಲ್ ಮುಟ್ಟಿಲ್ಲ.”

“ಬರೂದಿಲ್ಲಂದ್ರ ಬಿಡು.”

“ಹ್ಯಾಂಗ ಬಿಡ್ಲಿರಿ? ವಾರೆಲ್ಲಾ ನಾ ಆಕಿ ಮಾರಿ ನೋಡಿರೂದಿಲ್ಲ. ನಾ ಮನಿ ಸೇರೂದ್ರಾಗ ಮಲಗಿರ್ತಾಳ. ಆಕಿ ಜೋಡಿ ಇರೂದು ಅಂದ್ರ ಇದೊಂದ ರವಿವಾರ. ಅದೂ ಹೋತಂದ್ರ, ನನಗ ಮಗಳು ಇದ್ದೂ ಇಲ್ಲದಂಗರಿ.”

ಕಸ್ತೂರಕ್ಕ ಟ್ಯೂಬನ್ನು ನೀರಿನಲ್ಲೇ ಬಿಟ್ಟು ಅವನ ಕಡೆ ನೋಡಿದರು.

“ಯಾಕ ಬರೂದಿಲ್ಲಂತ?”

“ಕೈ ನೋಯ್ತಾವಂತ. ಇಳಿಜಾರು ಬಂತಂದ್ರ ಕೈಯಾಗ ಬಡಿಗೀಲೆ ಬಡದಂಗ ಆಗ್ತೈತಂತ.”

“ನೀ ಏನಂದಿ?”

“ಹ್ಯಾಂಡಲ್ ಗಟ್ಟಿ ಹಿಡಿ ಅಂದೆ. ಮೊದಮೊದಲ ಎಲ್ಲಾರಿಗೂ ನೋಯ್ತಾವು, ರೂಢಿ ಆದ್ರ ಹೋಗ್ತೈತಿ ಅಂದೆ.”

“ಆಕಿ ಸೈಕಲ್ ನೋಡಿದೇನು?”

ಫಕೀರೇಶನಿಗೆ ಸ್ವಲ್ಪ ಅವಮಾನವಾಯಿತು. ಶನಿವಾರ ಬಂತೆಂದರೆ ಸೈಕಲ್ಲನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಹಳೆ ಬನಿಯನ್ನಿನಿಂದ ಒರೆಸಿ ಜೋಡಿಸುವವನು ಅವನು.

“ನನ್ನ ಕೈಯಾರ ಜೋಡಿಸೀನ್ರಿ. ನನ್ನ ಹಳೇ ಸೈಕಲ್ಲಿನ ಶಾಕಪ್ ತಗದು ಆಕಿ ಸೈಕಲ್ಲಿಗೆ ಹಾಕೀನಿ. ಪ್ರತಿ ಸಲ ಮೊದಲ ನಾನ ಹತ್ತಿ ಓಡಿಸಿ ನೋಡ್ತೀನಿ. ಬೆಣ್ಣಿಯಂಗ ಇಳೀತೈತ್ರಿ. ಸೈಕಲ್ ಸರಿ ಐತಿ, ಹುಡುಗಿ ನಾಜೂಕು. ನೀವ ಒಂದು ಮಾತು ಹೇಳ್ರಿ ಅಕ್ಕಾರ. ನೀವು ಹೇಳಿದ್ರ ಕೇಳ್ತಾಳ.”

“ನಾ ಏನೂ ಹೇಳೂದಿಲ್ಲ. ನಿನ್ನ ಪಂಪ್ ಕೊಡು.”

ಅವನು ಚೀಲದಿಂದ ಸಣ್ಣ ಪಂಪನ್ನು ತೆಗೆದುಕೊಟ್ಟ. ಇಂಥ ಸೈಕಲ್ಲುಗಳ ಮುಂದಿನ ಗಾಲಿಯ ಶಾಕಪ್ಪಿನೊಳಗೆ ಗಾಳಿ ತುಂಬಿರುತ್ತದೆ. ಗಾಲಿ ಕಲ್ಲಿಗೆ ಬಡಿದಾಗ ಅದು ಕುಗ್ಗಿ ಏಟನ್ನು ನುಂಗಿಕೊಳ್ಳುತ್ತದೆ. ಕಸ್ತೂರಕ್ಕ ಅವನ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮೊಣಕಾಲನ್ನು ಶಪಿಸುತ್ತ, ಶಾಕಪ್ಪಿಗೆ ಗಾಳಿ ಹೊಡೆಯತೊಡಗಿದರು.

“ಅಕ್ಕಾರ, ಸಾಕ್ರಿ. ಗಾಳಿ ಹತ್ತಾಂವನ ತೂಕಕ್ಕ ತಕ್ಕಂಗ ಇರಬೇಕು. ನನ್ನ ತೂಕಕ್ಕ ಇದು ಭಾಳ ಆತು.”

ಅವರು ಇನ್ನೂ ಹೊಡೆದರು.

“ಇದು ಇನ್ನ ಕುಗ್ಗೂದ ಇಲ್ರಿ! ಕಬ್ಬಿಣದ ಸಲಾಕಿ ಆತು!”

“ಹಳ್ಳದ ತನಕ ಇಳದು ಹೋಗಿ ಬಾ,” ಅಂದರು ಕಸ್ತೂರಕ್ಕ.

“ಈ ಕಲ್ಲಿನಾಗ? ಹಿಂಗ?”

“ಗಟ್ಟಿ ಹಿಡಿ.”

ಗುರುವಿನ ಮಾತು. ಅವನು ಹೋದ.

ಮೊದಲ ತಿರುವಿನಲ್ಲೇ ಹಲ್ಲಿಗೆ ಹಲ್ಲು ಬಡಿಯಿತು. ಆ ದಾರಿ ಅವನಿಗೆ ಹೊಸದಲ್ಲ. ಎಲ್ಲಿ ಯಾವ ಕಲ್ಲು ಇದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಆದರೆ ಇವತ್ತು ಹಿಂದೆಂದೂ ಲೆಕ್ಕಕ್ಕೆ ಬಾರದ ಹರಳುಗಳೂ ಎದ್ದು ಬಂದು ಅಂಗೈಗೆ ಗುದ್ದಿದವು. ಅರ್ಧ ದಾರಿಯಲ್ಲಿ ಬೆರಳುಗಳು ಬ್ರೇಕ್ ಹಿಡಿಯಲಾರದೆ ಹೋದವು. ಅವನು ಹೆದರಿದ. ಸೈಕಲ್ ನಿಲ್ಲಿಸಿ, ಇಳಿದು, ತಳ್ಳಿಕೊಂಡು ನಡೆದ.

ಮರಳಿ ಮೇಲೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಕಸ್ತೂರಕ್ಕ ಚಹಾ ಕೊಟ್ಟರು. ಲೋಟ ಅವನ ಕೈಯಲ್ಲಿ ನಿಲ್ಲಲಿಲ್ಲ. ಅರ್ಧ ಚಹಾ ತೊಡೆಯ ಮೇಲೆ ಚೆಲ್ಲಿತು.

“ಕೈ ಸತ್ತು ಹೋದ್ವು ಅಕ್ಕಾರ.”

“ರೂಢಿ ಆದ್ರ ಹೋಗ್ತೈತಿ.”

ಅವನು ನಕ್ಕ. ಅವರು ನಗಲಿಲ್ಲ.

“ಅಲ್ರಿ, ಇದಕ್ಕ ನನ್ನಂಥಾವ್ರು ಇಬ್ಬರು ಹತ್ತಿ ಕುಂದ್ರಬೇಕು. ಹತ್ತಾಂವನ ತೂಕ ನೋಡದ ಗಾಳಿ ಹೊಡದ್ರ ಕೈ ಉಳೀತಾವೇನ್ರಿ?”

“ಮಗಳ ಶಾಕಪ್ಪಿಗೆ ಯಾರ ತೂಕ ನೋಡಿ ಗಾಳಿ ಹೊಡದಿ?”

ಫಕೀರೇಶ ಲೋಟ ಕೆಳಗಿಟ್ಟ.

ತಾನೇ ಹತ್ತಿ ಕುಳಿತು, ತನಗೆ ಹಿತವಾಗುವಷ್ಟು ಗಾಳಿ ಹೊಡೆದಿದ್ದ. ತಾನೇ ಓಡಿಸಿ ನೋಡಿದ್ದ. ಅವನಿಗೆ ಅದು ಬೆಣ್ಣೆಯ ಹಾಗೆ ಇಳಿಯದೆ ಇನ್ನೇನು?

“ಆಕಿ ತೂಕ ಎಷ್ಟು?” ಕಸ್ತೂರಕ್ಕ ಕೇಳಿದರು.

ಅವನಿಗೆ ತನ್ನ ಪೆಡಲಿನ ತೂಕ ಗೊತ್ತಿತ್ತು. ಬೂಟಿನ ತೂಕ ಗೊತ್ತಿತ್ತು. ಒಂದಿಷ್ಟು ಹಗುರಾದ ಬೋಲ್ಟು ಸಿಗುತ್ತದೆಂದು ಹುಬ್ಬಳ್ಳಿಯ ತನಕ ಹೋಗಿ ಬಂದವನು. ಅಲ್ಲೇ ಎರಡು ಪ್ಲೇಟು ಮಿರ್ಚಿ ತಿಂದು ಬಂದದ್ದು ಬೇರೆ ಮಾತು. ಮಗಳ ತೂಕ ಮಾತ್ರ ಅವನಿಗೆ ಗೊತ್ತಿರಲಿಲ್ಲ.



“ಆ ಶಾಕಪ್ ಹಾಕಿ ಎರಡು ವರ್ಷ ಆತ್ರಿ. ಎರಡು ವರ್ಷ ನನ್ನ ಕೂಸು ಹಿಂಗ ಇಳದಾಳ. ಹ್ವಾದ ರವಿವಾರದ ತನಕ ಒಂದ ಸಲ ಸೈಕಲ್ ಬಿಟ್ಟು ಇಳದಿದ್ದಿಲ್ಲ.”

“ಅಷ್ಟು ನೋವು ತಿಂದು ಯಾಕ ಬರ್ತಿದ್ಲು?”

“ಗಿರಮಿಟ್ಟಿನ ಆಸೆಗೆ ಅಂತ ತಿಳ್ಕೊಂಡಿದ್ದೆ.”

ಕಸ್ತೂರಕ್ಕ ಮತ್ತೆ ಟ್ಯೂಬನ್ನು ಕೈಗೆತ್ತಿಕೊಂಡರು.

“ಈಗ ಏನು ಮಾಡ್ಲಿರಿ?” ಅವನು ಕೇಳಿದ.

“ಆಕೀನ್ನ ಹತ್ತಿಸಿ ಕುಂದ್ರಸು. ಬೀಳದಂಗ ಸೈಕಲ್ ಹಿಡ್ಕೊಂಡು ನಿಂದ್ರು. ಆಮ್ಯಾಲೆ ಗಾಳಿ ಬಿಡು.”

ಫಕೀರೇಶ ಕಾಲಿಗೆ ಬಿದ್ದು, ತನ್ನ ಸೈಕಲ್ಲಿನ ಗಾಳಿಯನ್ನು ಸರಿಮಾಡಿಕೊಂಡು ಮನೆಗೆ ಹೋದ.

ಮರುದಿನ ಭಾನುವಾರ. ಗುಡ್ಡದ ಬುಡದಲ್ಲಿ ಬೆಳಿಗ್ಗೆಯೇ ಧ್ವನಿವರ್ಧಕ ಕೂಗತೊಡಗಿತು. ಜೋಡಿ ಓಟದವರು ಗೆರೆಯ ಹತ್ತಿರ ಬರಬೇಕಂತೆ. ಇಳಿದು ಹೋಗಲು ಮೊಣಕಾಲು ಬಿಡಲಿಲ್ಲ. ಕಸ್ತೂರಕ್ಕ ಕಟ್ಟೆಯ ಮೇಲೆ ಕುಳಿತೇ ಕೇಳಿಸಿಕೊಂಡರು. ಪ್ರತಿ ವರ್ಷ ಅದೇ ಕೂಗು, ಅದೇ ಧೂಳು. ಅವರಿಗೂ ದಣಿವಾಗಿತ್ತು.

ಸೀಟಿ ಊದಿ ಸ್ವಲ್ಪ ಹೊತ್ತಾಗಿತ್ತು. ಮಠದ ಹಿಂದಿನ ಕಡಿದಾದ ಕಾಲುದಾರಿಯಲ್ಲಿ ಯಾರೋ ಏದುಸಿರು ಬಿಡುತ್ತ ಸೈಕಲ್ ತುಳಿದು ಬರುವುದು ಕಂಡಿತು. ಫಕೀರೇಶ. ಮೈಮೇಲೆ ಓಟದ ಬಟ್ಟೆ ಇರಲಿಲ್ಲ. ಜೊತೆಗೆ ಮಗಳೂ ಇರಲಿಲ್ಲ.

“ಓಟ?” ಕಸ್ತೂರಕ್ಕ ಕೇಳಿದರು.

“ಬಿಟ್ಟೆ.”

ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಕೆಳಗೆ ನೆಲದ ಮೇಲೇ ಕುಳಿತ.

“ನಿನ್ನೆ ಸಂಜಿಕೆ ಆಕಿ ಮುಂದ ಕುಂತು ಎಲ್ಲಾ ಹೇಳಿದೆ ಅಕ್ಕಾರ. ತಪ್ಪು ನಂದು, ನಿನ್ನ ಕೈದಲ್ಲ ಅಂದೆ. ಸೈಕಲ್ ಹಿಡ್ಕೊಂಡು ನಿಂತೆ. ಆಕಿ ಭಾಳ ಹೊತ್ತು ಹೊಸ್ತಿಲದಾಗ ನಿಂತು ನೋಡಿ, ಆಮ್ಯಾಲೆ ಬಂದು ಹತ್ತಿದ್ಲು. ಗಾಳಿ ಬಿಟ್ಟೆ. ಹ್ಯಾಂಡಲ್ ಅದುಮಿದ್ಲು. ಕುಗ್ತು. ಇನ್ನೊಮ್ಮೆ ಅದುಮಿದ್ಲು. ‘ಅಪ್ಪಾ, ಇದು ಕುಗ್ತೈತಿ!’ ಅಂತ ನಕ್ಕಳ್ರಿ.”

“ಹೂಂ.”

“ನನಗ ಹೋದ ಜೀವ ಬಂದಂಗಾತು. ಹಂಗಾರ ನಾಳೆ ಓಟಕ್ಕ ಹೋಗೂಣು ಅಂದೆ. ಇಳದ್ಲು. ‘ಈಗ ಸರಿ ಐತಪಾ. ಆದ್ರೂ ನಾ ಬರೂದಿಲ್ಲ,’ ಅಂದು ಒಳಗ ಹೋದ್ಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ರಿ.”

ಕಸ್ತೂರಕ್ಕ ನೀರಿನ ತಂಬಿಗೆಯನ್ನು ಅವನ ಮುಂದಿಟ್ಟರು.

“ತಪ್ಪು ಒಪ್ಕೊಂಡೆ. ಗಾಳಿ ಬಿಟ್ಟೆ. ಓಟಾನೂ ಬಿಟ್ಟೆ. ಇನ್ನೇನು ಬಿಡ್ಲಿರಿ? ಇನ್ನ ನನ್ನ ಕೈಲೆ ಆಗೂದಿಲ್ಲ. ಆಕಿ ನನ್ನ ಜೋಡಿ ಇರಬೇಕು ಅನ್ನೂದೊಂದ ಆಸೆ ಇತ್ತು. ಅದೂ ಮುಗೀತು.”

ಅವನು ಕೈಯಿಂದ ಮುಖ ಉಜ್ಜಿಕೊಂಡ. ಧೂಳು, ಬೆವರು, ಕಣ್ಣೀರು ಎಲ್ಲ ಒಂದಾದವು.

“ಈಗೇನು ಮಾಡಾಕತ್ಯಾಳ ಆಕಿ?”

“ಅಂಗಳದಾಗ ಕುಂಟೆಬಿಲ್ಲೆ ಆಡಾಕತ್ತಿದ್ಲು. ಬೆಳಗ್ಗೆ ಎದ್ದಾಕೀನ ಸುಣ್ಣದ ಕಲ್ಲಿಲೆ ಮನಿ ಬರಕೊಂಡು ಕುಂತಿದ್ಲು.”

“ಯಾರ ಜೋಡಿ?”

“ಒಬ್ಬಾಕೀನರಿ. ರವಿವಾರ ನಾವು ಊರಾಗ ಇದ್ರಲ್ಲೇನು ಓಣಿ ಹುಡುಗ್ಯಾರ ಗೆಳೆತನ ಆಗೂದು? ನನ್ನ ಕರದ್ಲು. ‘ಅಪ್ಪಾ, ಆಡಾಕ ಬರ್ತಿ?’ ಅಂದ್ಲು.”

“ನೀ ಏನಂದಿ?”

“ಕಾಲು ಭಾಳ ನೋಯಾಕತ್ತಾವು, ದಣದೀನಿ, ನೀನ ಆಡಿಕೋ ಅಂದೆ.” ಅವನು ನಿಟ್ಟುಸಿರುಬಿಟ್ಟ. “ಖರೇನ ದಣದಿದ್ದೆ ಅಕ್ಕಾರ.”

ಕೆಳಗೆ ಯಾವುದೋ ಜೋಡಿ ಗೆರೆ ದಾಟಿತು. ಜನ ಚಪ್ಪಾಳೆ ಹೊಡೆದರು.

ಕಸ್ತೂರಕ್ಕ ಗೋಡೆಗೆ ಒರಗಿದ ಸೈಕಲ್ಲನ್ನು ನೋಡಿದರು. ಅವನು ತುಳಿದು ಬಂದ ದಾರಿಯನ್ನು ಬುಡದ ತನಕ ನೋಡಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

“ಅಂಗಳದಾಗ ಕುಂಟಾಕ ಕಾಲು ನೋಯ್ತಾವು ಅಂದಿ,” ಅಂದರು. “ಈ ಗುಡ್ಡ ಯಾರ ಕಾಲಿಂದ ಹತ್ತಿ ಬಂದಿ, ತಮ್ಮಾ?”