ನೇಕಾರನ ಒಣಗೈ

"ಗುರುಗಳೇ, ಏಳು ವರ್ಷದಿಂದ ಜಪ ಮಾಡುತ್ತಿದ್ದೇನೆ. ಮನಸ್ಸು ಮಾತ್ರ ಒಣಗಿಯೇ ಇದೆ. ಇವತ್ತು ತಂಗಿ ಬಂದು ಮಠದ ಬಾಗಿಲಲ್ಲಿ ಕಾದು, ಕೊನೆಗೆ ಬಸ್ಸಿಗೆಂದು ಹೊರಟುಹೋದರೂ ಮುಖ ತೋರಿಸದೆ ಜಪದಲ್ಲೇ ಕೂತಿದ್ದೆ. ಇಷ್ಟಾದರೂ ಫಲವಿಲ್ಲವೆಂದರೆ ಜಪದಲ್ಲೇ ದೋಷವಿದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೇಷ್ಮೆ ನೇಕಾರನಿದ್ದ. ಚಳಿಗಾಲ ಬಂತೆಂದರೆ ಅವನ ಬೆರಳುಗಳು ಒಡೆಯುತ್ತಿದ್ದವು. ಒಡಕಿಗೆ ಎಳೆ ಸಿಕ್ಕಿ ತುಂಡಾಗುತ್ತಿತ್ತು. ಇನ್ನೊಂದು ಸೀರೆ ಕೆಟ್ಟರೆ ಮಗ್ಗವನ್ನು ಬೇರೆಯವರಿಗೆ ಕೊಡುವೆನೆಂದು ಯಜಮಾನ ಹೇಳಿಬಿಟ್ಟ. ನೇಕಾರನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವನು ಹೆದರಿದ.

ಪಕ್ಕದ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಹೆಂಗಸಿದ್ದಳು. ದಿನವಿಡೀ ನೀರಿನಲ್ಲೇ ಇದ್ದರೂ ಅವಳ ಕೈ ಮೆತ್ತಗಿತ್ತು. ಅವಳು ಹಚ್ಚುತ್ತಿದ್ದುದು ಬರೀ ಪೆಟ್ರೋಲಿಯಂ ಜೆಲ್ಲಿ. ನೇಕಾರನೂ ಅದನ್ನೇ ತಂದ. ದಿನದ ನೇಯ್ಗೆ ಮುಗಿಸಿ ಹಚ್ಚುವುದು, ಬೆಳಿಗ್ಗೆ ಕಡಲೆಹಿಟ್ಟಿನಿಂದ ತೊಳೆಯುವುದು. ಹದಿನೈದು ದಿನವಾದರೂ ಒಡಕು ಮಾಯಲಿಲ್ಲ. ಅವಳ ಡಬ್ಬಿಯಲ್ಲಿ ಬೇರೇನೋ ಇದೆಯೆಂದು ಅನುಮಾನವಾಯಿತು. ಮೂಸಿ ನೋಡಿದ. ಡಬ್ಬಿಯನ್ನು ಅದಲುಬದಲು ಮಾಡಿಕೊಂಡ. ಅವಳ ಕೈ ಮೆತ್ತಗೇ ಇತ್ತು, ಇವನದು ಒಡೆದೇ ಇತ್ತು. ಬುದ್ಧಿವಂತನ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು. ಕೊನೆಗೆ ಅವಳನ್ನೇ ಕೇಳಿದ.

"ಹಚ್ಚೋ ಮುಂಚೆ ಏನ್ ಮಾಡ್ತೀಯಣ್ಣ?" ಎಂದಳು ಅವಳು.

"ಕೈ ತೊಳೀತೀನಿ. ಚೆನ್ನಾಗಿ ಒರೆಸಿ, ಒಲೆ ಮುಂದೆ ಹಿಡಿದು ಒಣಗಿಸ್ತೀನಿ. ರೇಷ್ಮೆ ಮನೇಲಿ ಒದ್ದೆ ಕೈ ಆಗಲ್ವಲ್ಲ ಅಕ್ಕಾ, ಚಿಕ್ಕಂದಿನಿಂದ ಬಂದ ಅಭ್ಯಾಸ."

ಅವಳಿಗೆ ನಗು ತಡೆಯಲಾಗಲಿಲ್ಲ. "ಅದು ನೀರು ಕೊಡಲ್ಲಣ್ಣ. ಇರೋ ನೀರನ್ನ ಆರೋಕೆ ಬಿಡಲ್ಲ, ಅಷ್ಟೇ. ನೀನು ಎಲ್ಲಾನೂ ಒರೆಸಿಬಿಟ್ರೆ ಅದು ಏನನ್ನ ಕಾಯಬೇಕು?"

ಅಂದಿನಿಂದ ನೇಕಾರ ಎಡಗೈಗೆ ತೇವವಿರುವಾಗಲೇ ಹಚ್ಚಿದ. ಹೆಂಗಸಿನ ಮಾತನ್ನು ಪರೀಕ್ಷಿಸಬೇಕಲ್ಲ, ಬಲಗೈಗೆ ಹಳೆಯ ಪದ್ಧತಿಯನ್ನೇ ಇಟ್ಟ. ವಾರ ಕಳೆಯುವಷ್ಟರಲ್ಲಿ ಎಡಗೈಗೆ ಎಳೆ ಸಿಕ್ಕುವುದು ನಿಂತಿತು. ಬಲಗೈಯ ಮುಂದೆ ಅವನಿಗೆ ನಾಚಿಕೆಯಾಯಿತು. ಮಗ್ಗ ಅವನ ಬಳಿಯೇ ಉಳಿಯಿತು.

ಕತೆ ಮುಗಿಯಿತು. ಶಿಷ್ಯ ತನ್ನ ಅಂಗೈ ನೋಡಿಕೊಂಡ.

"ಹಾಗಾದರೆ ನಾನು ಒರೆಸಿಕೊಂಡದ್ದು ಏನು, ಗುರುಗಳೇ?"

ಗುರುಗಳು ಹೇಳಿದರು: "ನಿನ್ನ ತಂಗಿಯ ಬಸ್ಸು ಇನ್ನೂ ಹೊರಟಿಲ್ಲ."